ಯಳಂದೂರಿನ ಅರ್ಧ ಕಾಫಿ

ದೆವ್ವ, ಗಾಳಿ, ಶಕುನ ಇಂಥ ವಿಷಯಗಳಲ್ಲಿ ನಾನು ಒಂದು ಕಾಲಕ್ಕೆ ಬಹಳ ಮೊಂಡ ಮನುಷ್ಯನಾಗಿದ್ದೆ. ಕೊಳ್ಳೇಗಾಲದಲ್ಲಿ ಹೈಸ್ಕೂಲು ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಿದ್ದವನು. ಯಾರಾದರೂ ತಮ್ಮ ಅಜ್ಜಿ ಸತ್ತ ಗಳಿಗೆಗೆ ಸರಿಯಾಗಿ ಗೋಡೆ ಗಡಿಯಾರ ನಿಂತಿತೆಂದು ಹೇಳಿದರೆ, ಅದಕ್ಕೆ ಕೀಲಿ ಕೊಡುತ್ತಿದ್ದವರು ಆ ಅಜ್ಜಿಯೇ ಇರಬೇಕು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಹಾಗೆ ನನ್ನಿಂದ ಬಾಯಿ ಮುಚ್ಚಿಸಿಕೊಂಡವರಲ್ಲಿ ಹಲವರು ಈಗಿಲ್ಲ. ಇದ್ದಿದ್ದರೆ ಇದನ್ನು ಓದಿ ಹೊಟ್ಟೆ ತುಂಬ ನಗಬಹುದಿತ್ತು. ದೆವ್ವವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಈಗ ಹೇಳಹೊರಟಿರುವುದರಲ್ಲಿ ದೆವ್ವವೂ ಇಲ್ಲ. ಇರುವುದು ಒಂದು ಲೋಟ ಕಾಫಿ, ಅದರಲ್ಲಿ ಅರ್ಧ.

ಕೊಳ್ಳೇಗಾಲ ಆಗಿನ್ನೂ ಮದ್ರಾಸಿಗೆ ಸೇರಿತ್ತು. ಹತ್ತು ಮೈಲಿಯಾಚೆಯ ಯಳಂದೂರು ಮೈಸೂರಿನದು. ಆ ದಿನಗಳಲ್ಲಿ ನನಗೆ ಒಬ್ಬ ಗೆಳೆಯ ಸಿಕ್ಕಿದ. ಬಂಡಳ್ಳಿಯ ಗುರುಮಲ್ಲಪ್ಪ. ಊರಲ್ಲಿ ಹೊಲ ಇತ್ತು, ಜೊತೆಗೆ ರೇಷ್ಮೆಗೂಡಿನ ವ್ಯಾಪಾರ. ಗೂಡು ಮಾರಲು ಕೊಳ್ಳೇಗಾಲಕ್ಕೆ ಬಂದಾಗಲೆಲ್ಲ ಬಸ್ಸು ನಿಲ್ಲುವ ಕಡೆಯ ಕಾಫಿ ಕ್ಲಬ್ಬಿನಲ್ಲಿ ಕೂರುತ್ತಿದ್ದ. ನಾನು ಅವನನ್ನು ಮೊದಲು ನೋಡಿದಾಗ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು, ಹೋಟೆಲಿನವನ ಮುಖಕ್ಕೇ ಇದು ಕಾಫಿಯಲ್ಲ, ಚಿಕೋರಿ ಕಷಾಯ ಎಂದು ಹೇಳುತ್ತಿದ್ದ. ನನಗೂ ಹಾಗೇ ಅನ್ನಿಸಿತ್ತು, ಹೇಳುವ ಧೈರ್ಯ ಇರಲಿಲ್ಲ. ಅವತ್ತೇ ನಾವು ಸ್ನೇಹಿತರಾದೆವು.

ಈ ಸೀಮೆಯಲ್ಲಿ ನಿಜವಾದ ಕಾಫಿ ಎಲ್ಲಿ ಸಿಗುತ್ತದೆ ಎಂದು ಕಂಡುಹಿಡಿಯುವ ಹುಚ್ಚು ಅವನದು. ನನಗೂ ಹತ್ತಿಸಿದ. ರಜಾ ದಿನ ಬಂತೆಂದರೆ ಎರಡು ಬಾಡಿಗೆ ಸೈಕಲ್ಲು. ಕೊಳ್ಳೇಗಾಲದಲ್ಲೇ ನೇಕಾರರ ಬೀದಿಯ ಮೂಲೆಯಲ್ಲೊಂದು ಕ್ಲಬ್ಬಿತ್ತು. ಅಲ್ಲಿ ಡಿಕಾಕ್ಷನ್ನು ಗಟ್ಟಿ, ಆದರೆ ಹಾಲಿಗೆ ನೀರು ಹೊಯ್ಯುವುದರಲ್ಲಿ ಯಜಮಾನನ ಕೈ ಧಾರಾಳ. ಹನೂರಿನಲ್ಲಿ ಸಂತೆಮಾಳದ ಹತ್ತಿರದ ಹೋಟೆಲಿನಲ್ಲಿ ಇದರ ತದ್ವಿರುದ್ಧ. ಕಾಡಂಚಿನಲ್ಲಿ ಮೇಯ್ದು ಬಂದ ಎಮ್ಮೆಗಳ ಹಾಲು, ಕೆನೆ ಕಟ್ಟಿ ತುಟಿಗೆ ಅಂಟುತ್ತಿತ್ತು. ಡಿಕಾಕ್ಷನ್ನು ಮಾತ್ರ ತೊಳೆದ ನೀರು. ಹನೂರಿನ ಹಾಲನ್ನೂ ಕೊಳ್ಳೇಗಾಲದ ಡಿಕಾಕ್ಷನ್ನನ್ನೂ ಮದುವೆ ಮಾಡಿಸುವ ಪುಣ್ಯಾತ್ಮ ಯಾರಾದರೂ ಹುಟ್ಟಬೇಕು ಎನ್ನುತ್ತಿದ್ದ ಗುರುಮಲ್ಲಪ್ಪ.

ನಾವು ಕುಡಿಯುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ಸಕ್ಕರೆಗೆ ಪರದಾಡುತ್ತಿದ್ದ ಕಾಲ. ಹೋಟೆಲಿನವರು ಕೈ ಬಿಗಿಹಿಡಿದು ಕೊಡುತ್ತಿದ್ದರು. ಒಂದು ಕಾಫಿ ತರಿಸಿ ಇಬ್ಬರೂ ಹಂಚಿಕೊಳ್ಳುವುದು ನಮ್ಮ ಪದ್ಧತಿಯಾಯಿತು. ಕಾಫಿ ಬಂದ ಕೂಡಲೇ, ಎಂಜಲಾಗುವ ಮೊದಲೇ, ನಾನು ಲೋಟದಿಂದ ಅರ್ಧವನ್ನು ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿ ಮೇಜಿನ ಆಚೆ ಬದಿಗೆ ಸರಿಸುತ್ತಿದ್ದೆ. ಬಟ್ಟಲು ಅವನದು, ಲೋಟ ನನ್ನದು. ಕುಡಿದಾದ ಮೇಲೆ ಅವನು ಬಟ್ಟಲನ್ನು ಮೇಜಿನ ಮೇಲೆ ಕವುಚಿ ಹಾಕುತ್ತಿದ್ದ. ಊಟದ ಮನೆಯಲ್ಲಿ ಬಡಿಸುವವರಿಗೆ ಸಾಕೆಂದು ಎಲೆ ಮಡಿಸುವ ಹಾಗೆ ಅದೊಂದು ಅವನ ಅಭ್ಯಾಸ. ಸಕ್ಕರೆ ಸಲೀಸಾಗಿ ಸಿಗತೊಡಗಿದ ಮೇಲೂ ನಾವು ಇದನ್ನು ಬಿಡಲಿಲ್ಲ.

ಬಾಕಿ ಉಳಿದದ್ದು ಯಳಂದೂರು. ಅಲ್ಲಿ ಒಬ್ಬ ಭಟ್ಟರು ಬಿಳಿಗಿರಿರಂಗನ ಬೆಟ್ಟದಿಂದ ಬೀಜ ತರಿಸಿ, ದಿನಾ ತಾವೇ ಹುರಿದು, ಪುಡಿ ಮಾಡಿ ಕಾಫಿ ಕೊಡುತ್ತಾರೆಂದು ಕೇಳಿದ್ದೆವು. ಹೋಗುವುದಕ್ಕೆ ಅಡ್ಡಿಯಾದವರು ಗುರುಮಲ್ಲಪ್ಪನ ಹೆಂಡತಿ ಗೌರಮ್ಮ. ಮದ್ರಾಸಿನ ಕಡೆ ಪಾನನಿಷೇಧ ಬಂದಿತ್ತು, ಮೈಸೂರಿನ ಕಡೆ ಹೆಂಡದಂಗಡಿ ತೆರೆದೇ ಇತ್ತು. ಗಂಡಸರು ಗಡಿ ದಾಟುವುದು ಯಾತಕ್ಕೆಂದು ಊರಿಗೆಲ್ಲ ಗೊತ್ತು. ವಾಪಸು ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ ಬಾಯಿ ಮೂಸುತ್ತಿದ್ದರು. ಕಾಫಿ ಕುಡಿಯಲು ಯಳಂದೂರಿಗೆ ಹೋಗುತ್ತೇನೆ ಎಂದರೆ ಆ ತಾಯಿ ನಂಬಿಯಾರೇ? ಅವನ ಅಕ್ಕ ನಂಜಮ್ಮನನ್ನು ಯಳಂದೂರಿಗೇ ಕೊಟ್ಟಿತ್ತು. ಅಲ್ಲಿಗೆ ಹೊರಟರೆ ಗೌರಮ್ಮನೂ ಜೊತೆಗೆ ಹೊರಡುತ್ತಿದ್ದರು. ಹೆಂಗಸರನ್ನು ಕರೆದುಕೊಂಡು ಕಾಫಿ ಕ್ಲಬ್ಬಿಗೆ ಹೋಗುವ ಕಾಲ ಅದಲ್ಲ. ಪಾಪ, ಅಕ್ಕನ ಮನೆಯಲ್ಲಿ ಮಜ್ಜಿಗೆ ಕುಡಿದು ಬರುತ್ತಿದ್ದ. ನನ್ನನ್ನು ಬಿಟ್ಟು ಅಲ್ಲಿ ಕುಡಿಯಬೇಡಿ ಮೇಷ್ಟ್ರೇ ಎಂದು ನನಗೆ ಮಾತ್ರ ಆಗಾಗ ಹೇಳುತ್ತಿದ್ದ.

ಹೀಗಿರುವಾಗ ಗುರುಮಲ್ಲಪ್ಪನಿಗೆ ವಿಷಮಶೀತಜ್ವರ ಬಂತು. ಅದನ್ನು ಗುಣಪಡಿಸುವ ಔಷಧ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಜ್ವರ ತಾನಾಗಿ ಇಳಿದರೆ ಮನುಷ್ಯ ಉಳಿದ, ಇಲ್ಲವಾದರೆ ಇಲ್ಲ. ನಾನು ಬಂಡಳ್ಳಿಗೆ ಹೋಗಿ ನೋಡಿದಾಗ ಅವನಿಗೆ ಮೈಮೇಲೆ ಪ್ರಜ್ಞೆಯಿರಲಿಲ್ಲ. ಬಾಯಿಗೆ ಹಾಕಿದ ಗಂಜಿ ಕಟವಾಯಿಂದ ಹೊರಕ್ಕೇ ಬರುತ್ತಿತ್ತು. ಕೊಳ್ಳೇಗಾಲದಿಂದ ಬಂದಿದ್ದ ಡಾಕ್ಟರು ನನ್ನನ್ನು ಜಗುಲಿಗೆ ಕರೆದು, ಹೊಟ್ಟೆಗೆ ಏನಾದರೂ ನಿಂತರೆ ಒಂದು ಆಸೆ, ಯಾವುದಕ್ಕೂ ದೂರದ ಬಂಧುಗಳಿಗೆ ತಿಳಿಸಿಬಿಡಿ ಎಂದರು. ಆ ಕೆಲಸ ನನ್ನ ಪಾಲಿಗೆ ಬಂತು. ಕೊಳ್ಳೇಗಾಲದಲ್ಲಿ ಡಾಕ್ಟರ ಬಳಿ ಜ್ವರದ ತಾಪ ತಗ್ಗಿಸುವ ಔಷಧಿ ತೆಗೆದುಕೊಂಡು ಬರುವುದೂ ಇತ್ತು. ಮಾರನೆಯ ದಿನ ನಂಜಮ್ಮನಿಗೆ ಹೇಳಲು ಯಳಂದೂರಿಗೆ ಹೋದೆ.

ಆಕೆ ಸುದ್ದಿ ಕೇಳಿದವಳೇ ಎದ್ದಳು. ಒಳಗೆ ಹೋಗಿ ಸೀರೆ ಗಂಟು ಕಟ್ಟಿಕೊಂಡು ಬಂದಳು. ಅವಳ ಗಂಡ ಗಾಡಿ ಹೂಡಿ, ನನ್ನನ್ನು ಕಾಯದೆ ಇಬ್ಬರೂ ಹೊರಟುಬಿಟ್ಟರು. ಕೊಳ್ಳೇಗಾಲದ ಬಸ್ಸಿಗೆ ಹೊತ್ತಿತ್ತು. ಮಧ್ಯಾಹ್ನದ ಉರಿಬಿಸಿಲು. ಬೆಳಗಿನಿಂದ ಏನೂ ತಿಂದಿರಲಿಲ್ಲ, ತಲೆ ಸಿಡಿಯುತ್ತಿತ್ತು. ಬೀದಿಯಲ್ಲಿ ಬರುತ್ತಿದ್ದಾಗ ಬೀಜ ಹುರಿದ ವಾಸನೆ ಮೂಗಿಗೆ ಬಡಿಯಿತು. ಅದನ್ನೇ ಹಿಡಿದುಕೊಂಡು ಹೋದರೆ ಭಟ್ಟರ ಹೋಟೆಲು.

ತಗ್ಗಾದ ಹೆಂಚಿನ ಮನೆ. ನಾನೊಬ್ಬನೇ ಗಿರಾಕಿ. ಒಂದು ಕಾಫಿ ಹೇಳಿದೆ. ಭಟ್ಟರು ತಂದಿಟ್ಟು ಒಳಗೆ ಹೋಗಿ, ಒದ್ದೆ ಸೌದೆಯ ಒಲೆಯನ್ನು ಊದತೊಡಗಿದರು. ನನ್ನ ಮನಸ್ಸು ಎಲ್ಲೋ ಇತ್ತು. ಕೈ ತನ್ನ ಪಾಡಿಗೆ ಅರ್ಧ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿ ಆಚೆ ಬದಿಗೆ ಸರಿಸಿತು. ಸರಿಸಿದ ಮೇಲೆ ಗೊತ್ತಾಯಿತು, ಎದುರು ಬೆಂಚಿನಲ್ಲಿ ಯಾರೂ ಇಲ್ಲ. ಬಟ್ಟಲನ್ನು ವಾಪಸು ಎಳೆದುಕೊಳ್ಳಲು ನನ್ನಿಂದಾಗಲಿಲ್ಲ, ಅಲ್ಲೇ ಇರಲಿ ಎಂದು ಬಿಟ್ಟೆ.

ಲೋಟದಲ್ಲಿದ್ದದ್ದನ್ನು ಕುಡಿದೆ. ಅಂಥ ಕಾಫಿಯನ್ನು ನಾನು ಅದುವರೆಗೆ ಕುಡಿದಿರಲಿಲ್ಲ. ಕುಂದೆಂದರೆ ಒಂದೇ, ಹಾಲಿಗೆ ಸ್ವಲ್ಪ ಹೊಗೆ ಹತ್ತಿತ್ತು. ಗುರುಮಲ್ಲಪ್ಪ ಇದ್ದಿದ್ದರೆ ಮೊದಲು ಅದನ್ನು ಎತ್ತಿ ಆಡಿ ಆಮೇಲೆ ಹೊಗಳುತ್ತಿದ್ದ ಅಂದುಕೊಂಡೆ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ನನ್ನ ಬಸ್ಸೇ ಏನೋ ಎಂದು ಬಾಗಿಲಿಗೆ ಹೋಗಿ ಬಗ್ಗಿ ನೋಡಿದೆ. ಅದು ಆಚೆ ಕಡೆ ಹೋಗುವ ಬಸ್ಸು. ತಿರುಗಿ ಬಂದು ನೋಡುತ್ತೇನೆ, ಬಟ್ಟಲು ಕವುಚಿ ಬಿದ್ದಿತ್ತು.

ಬಿದ್ದಿತ್ತು ಎಂದದ್ದು ತಪ್ಪು, ಕವುಚಿ ಇಟ್ಟಿತ್ತು. ಚೆಲ್ಲಿರಬೇಕೆಂದು ಎತ್ತಿದೆ. ಮೇಜು ಒಣಗಿತ್ತು. ಬಟ್ಟಲಿನೊಳಗೆ ನೊರೆಯ ಗೆರೆಯೊಂದು ಬಿಟ್ಟರೆ ಏನೂ ಇಲ್ಲ. ಕಾಫಿ ಏನಾಯಿತೆಂದು ಭಟ್ಟರನ್ನು ಕೂಗಿ ಕೇಳಿದೆ. ಅವರು ಹೊಗೆಗೆ ಕೆಂಪಗಾದ ಕಣ್ಣೊರೆಸಿಕೊಳ್ಳುತ್ತ ಬಂದು, ತಾವು ಒಲೆ ಬಿಟ್ಟು ಎದ್ದೇ ಇಲ್ಲವೆಂದೂ ಗಿರಾಕಿ ಎದುರಿಗಿಟ್ಟುಕೊಂಡದ್ದನ್ನು ತಾವೇಕೆ ಮುಟ್ಟಬೇಕೆಂದೂ ಹೇಳಿದರು. ನಾನೇ ಕುಡಿದು ಮರೆತಿದ್ದೇನೆಂದು ಅವರಿಗೆ ಅನ್ನಿಸಿರಬೇಕು. ನನಗೂ ಹಾಗೆಯೇ ಅನ್ನಿಸಲಿ ಎಂದು ಬಹಳ ಪ್ರಯತ್ನಪಟ್ಟೆ. ಗಡಿಯಲ್ಲಿ ಪೊಲೀಸಿನವನು ನನ್ನ ಬಾಯಿ ಮೂಸಿ ಸುಮ್ಮನೆ ಬಿಟ್ಟ. ಅವನಿಗೂ ಬರೀ ಕಾಫಿ ವಾಸನೆಯೇ ಹೊಡೆದಿರಬೇಕು.

ಔಷಧಿ ತೆಗೆದುಕೊಂಡು ಮಾರನೆಯ ಬೆಳಿಗ್ಗೆ ಬಂಡಳ್ಳಿಗೆ ಹೋದೆ. ದೂರದಿಂದಲೇ ಅವನ ಮನೆ ಜಗುಲಿಯ ಮೇಲೆ ಜನ ಕಂಡರು. ಹತ್ತಿರ ಹೋದರೆ ಅಳುವ ಸದ್ದಿಲ್ಲ, ಯಾರೋ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ನಂಜಮ್ಮ ಒಳಗೆ ಗಂಜಿ ಬಸಿಯುತ್ತಿದ್ದಳು. ಗೌರಮ್ಮ ನನ್ನನ್ನು ಕಂಡವರೇ ಹೊಸ್ತಿಲಿಗೆ ಬಂದರು. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

‘ಅಣ್ಣಯ್ಯ, ನೆನ್ನೆ ಎಲ್ಲಿ ಕಾಪಿ ಕುಡುದ್ರಿ ನೀವು?’ ಎಂದು ಕೇಳಿದರು.

ಯಳಂದೂರಿನಲ್ಲಿ ಎಂದೆ. ಆಕೆ ಹೊಸ್ತಿಲ ಪಕ್ಕದಲ್ಲೇ ಕುಸಿದು ಕೂತರು. ಹಿಂದಿನ ದಿನ ಮಧ್ಯಾಹ್ನ ಅವರು ಗಂಡನ ತಲೆದೆಸೆಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದರಂತೆ. ಅವನ ಗಂಟಲು ಗುಟುಕು ನುಂಗಿದ ಹಾಗೆ ಆಡಿತಂತೆ, ಮತ್ತೆ ಮತ್ತೆ ಆಡಿತಂತೆ. ಇದು ಕೊನೆಯೇ ಎಂದು ಆಕೆ ಅತ್ತೆಯನ್ನು ಕೂಗಿದರಂತೆ.

‘ಆಮೇಲೆ ಬಾಯಿ ಚಪ್ಪರ್ಸುದ್ರು ಅಣ್ಣಯ್ಯ. ಕಣ್ಬುಟ್ರು. ಡಿಕಾಸನ್ ಭೇಷಾಗದೆ ಮೇಷ್ಟ್ರೇ, ಆಲು ವಸಿ ಒಗೆ ವಾಸ್ನೆ ಅಂದ್ರು. ಇಲ್ಲಿ ಯಾವ ಮೇಷ್ಟ್ರಿದ್ರು? ನಮ್ಮನೇಲಿ ಕಾಪೀನೇ ಕಾಸಿಲ್ಲ. ನಾನೂ ಅತ್ತೇನೂ ಮಕ ಮಕ ನೋಡ್ಕಂಡೊ. ವಸಿ ವೊತ್ತಿಗೆ ಗಂಜಿ ಕೇಳುದ್ರು. ಕುಡುದ್ರು, ನಿಂತ್ಕತು.’

ಹಾಲಿಗೆ ಹೊಗೆ ಹತ್ತಿದ್ದ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಅಲ್ಲಿ ಯಾರಿದ್ದರು? ನಂಜಮ್ಮ ಹೊರಟ ಮೇಲೆ ನಾನು ಹೋಟೆಲಿಗೆ ಹೋದದ್ದು ನಂಜಮ್ಮನಿಗೂ ಗೊತ್ತಿಲ್ಲ. ಬಟ್ಟಲಿನ ಸಂಗತಿಯನ್ನು ಗೌರಮ್ಮನಿಗೆ ಆಗ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮೈ ನೆಟ್ಟಗಾದ ಮೇಲೆ ಅವರನ್ನು ನೀವೇ ಅಲ್ಲಿಗೆ ಕರೆದುಕೊಂಡು ಹೋಗಿ, ಇನ್ನು ನಾನು ಬೇಡ ಅನ್ನುವುದಿಲ್ಲ ಎಂದರು.

ಗುರುಮಲ್ಲಪ್ಪ ಉಳಿದ. ತಲೆಗೂದಲು ಉದುರಿ, ಕಡ್ಡಿಯಂತಾಗಿ, ನಿಧಾನವಾಗಿ ಓಡಾಡತೊಡಗಿದ. ಜ್ವರದ ದಿನಗಳ ಒಂದು ಮಾತೂ ಅವನಿಗೆ ನೆನಪಿರಲಿಲ್ಲ. ಬಟ್ಟಲಿನ ಸಂಗತಿಯನ್ನು ಅವನಿಗೆ ಹೇಳಬಾರದೆಂದು ನಾನೂ ಗೌರಮ್ಮನೂ ಮಾತಾಡಿಕೊಂಡಿದ್ದೆವು. ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಾನು ಎಂಬ ಭಯ. ಸೈಕಲ್ಲು ತುಳಿಯುವಷ್ಟು ಶಕ್ತಿ ಬಂದ ಮೇಲೆ ಇಬ್ಬರೂ ಯಳಂದೂರಿಗೆ ಹೋದೆವು. ಅದೇ ಹೋಟೆಲು, ಅದೇ ಬೆಂಚು. ನಾನು ಅರ್ಧ ಬಗ್ಗಿಸಿ ಸರಿಸಿದೆ. ಅವತ್ತು ಭಟ್ಟರ ಸೌದೆ ಒಣಗಿತ್ತು, ಹಾಲಿಗೆ ಹೊಗೆಯ ಸುಳಿವೂ ಇರಲಿಲ್ಲ. ಗುರುಮಲ್ಲಪ್ಪ ಒಂದು ಕಣ್ಣು ಮುಚ್ಚಿ, ಮೂಸಿ, ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿದ.

‘ಚೆಂದಾಗದೆ. ಆದ್ರೂ ಅವತ್ತಿಂದೇ ವಾಸಿ ಕಣ್ರಿ ಮೇಷ್ಟ್ರೇ’ ಎಂದ.

ಯಾವತ್ತಿನದು ಎಂದು ಕೇಳಿದೆ. ಅವನು ಬಟ್ಟಲನ್ನೇ ನೋಡಿದ. ಯಾಕೆ ಹಾಗೆ ಬಾಯಿಗೆ ಬಂತೋ ತನಗೇ ಗೊತ್ತಿಲ್ಲ, ತಾನು ಇಲ್ಲಿಗೆ ಬಂದದ್ದು ಇದೇ ಮೊದಲಲ್ಲವೇ ಎಂದು ನನ್ನನ್ನೇ ಕೇಳಿದ. ಹೌದು, ಇದೇ ಮೊದಲು ಎಂದೆ. ಉಳಿದದ್ದನ್ನು ಕುಡಿದು ಬಟ್ಟಲು ಕವುಚಿ ಹಾಕಿದ.

ಓದುಗರಿಗೆ ಇದರ ವಿವರಣೆ ಹೊಳೆದಿರಬಹುದು. ನನಗೂ ಹಲವು ಹೊಳೆದಿವೆ. ನಾನು ಯಳಂದೂರಿಗೆ ಹೋಗುತ್ತೇನೆಂದು ಜಗುಲಿಯಲ್ಲಿ ಆಡಿದ ಮಾತು ಜ್ವರದಲ್ಲೂ ಅವನ ಕಿವಿಗೆ ಬಿದ್ದಿರಬಹುದು. ಹೊಗೆ ಹತ್ತಿದ ಹಾಲು ಯಾವ ಹೋಟೆಲಿನಲ್ಲಿಲ್ಲ? ಭಟ್ಟರದ್ದೇ ಬೆಕ್ಕು ಕಾಫಿಗೆ ಬಾಯಿ ಹಾಕಿರಬಹುದು. ಆದರೆ ಬಟ್ಟಲನ್ನು ಕವುಚಿ ಇಡುವ ಬೆಕ್ಕನ್ನು ನಾನು ಕಂಡಿಲ್ಲ. ಒಂದೊಂದನ್ನೇ ತೆಗೆದುಕೊಂಡರೆ ಎಲ್ಲಕ್ಕೂ ಉತ್ತರವಿದೆ, ಒಟ್ಟಿಗೆ ಕೂಡಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಆಮೇಲೆ ಎರಡು ಸೀಮೆಗಳೂ ಒಂದೇ ರಾಜ್ಯವಾಗಿ, ಗಡಿಯಲ್ಲಿ ಬಾಯಿ ಮೂಸುವವರು ಇಲ್ಲವಾದರು. ಗುರುಮಲ್ಲಪ್ಪ ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ವಯಸ್ಸಾಗಿ ಹೋದ. ಹೋದ ಹೊತ್ತಿಗೆ ನಾನು ನೇಕಾರರ ಬೀದಿಯ ಕ್ಲಬ್ಬಿನಲ್ಲಿ ಕಾಫಿ ಕುಡಿಯುತ್ತಿದ್ದೆ. ನನಗೆ ಏನೂ ಅನ್ನಿಸಲಿಲ್ಲ, ಯಾವ ಸೂಚನೆಯೂ ಬರಲಿಲ್ಲ. ಸಂಜೆ ಅವನ ಮಗ ಬಂದು ಹೇಳಿದಾಗಲೇ ತಿಳಿದದ್ದು. ಬದುಕಿದ್ದವನಿಗೆ ಊರಾಚೆಯಿಂದ ಮುಟ್ಟಿದ್ದು, ಹೋದವನಿಗೆ ಯಾಕೆ ಮುಟ್ಟುವುದಿಲ್ಲ? ಇದೇ ನನಗೆ ಈಗ ಬಿಡಿಸಲಾಗದ ಲೆಕ್ಕ.

ಏಕೆಂದರೆ ನಾನು ಬಗ್ಗಿಸುವುದನ್ನು ಬಿಟ್ಟಿಲ್ಲ. ಯಾವ ಹೋಟೆಲಿಗೆ ಹೋದರೂ ಅರ್ಧವನ್ನು ಬಟ್ಟಲಿಗೆ ಸುರಿದು ಆಚೆ ಬದಿಗೆ ಸರಿಸುತ್ತೇನೆ. ಬೇಕೆಂದೇ ಎದ್ದು ಬಾಗಿಲಿಗೆ ಹೋಗಿ, ಬಾರದ ಬಸ್ಸನ್ನು ಸ್ವಲ್ಪ ಹೊತ್ತು ನೋಡಿ ಬರುತ್ತೇನೆ. ಬಟ್ಟಲು ಇಟ್ಟ ಹಾಗೆಯೇ ಇರುತ್ತದೆ, ಕಾಫಿಯ ಮೇಲೆ ಕೆನೆ ಕಟ್ಟಿರುತ್ತದೆ. ಕೊನೆಗೆ ಅದನ್ನೂ ನಾನೇ ಕುಡಿದು ಏಳುತ್ತೇನೆ.