ಚೂಪು ಬ್ರಾಕೆಟ್ಟಿನ ಅಮುಕ

ಇಂಟರ್ನೆಟ್ ಫೋನಿನ ಕೈಪಿಡಿ ಬರೆಯುವವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಯಾವ ಗುರುತಿಗೆ ಏನರ್ಥ ಎಂದು ಮುನ್ನುಡಿಯಲ್ಲಿ ಒಂದು ಸಲ ಹೇಳಿ ಕೈತೊಳೆದುಕೊಳ್ಳುತ್ತಾರೆ. ಮುನ್ನುಡಿಯನ್ನು ಯಾರು ಓದುತ್ತಾರೆ? ಚೂಪು ಬ್ರಾಕೆಟ್ಟಿನೊಳಗೆ, ಅಂದರೆ < > ಈ ಗುರುತುಗಳ ನಡುವೆ, ‘ನಂಬರ್’ ಎಂದಿದ್ದರೆ ಆ ಪದವನ್ನೂ ಬ್ರಾಕೆಟ್ಟನ್ನೂ ತೆಗೆದು ನಿಮ್ಮ ನಂಬರ್ ಹಾಕಿ ಎಂದರ್ಥ. ಶಿವಮೊಗ್ಗದಲ್ಲಿ ಈ ಫೋನುಗಳ ಕೆಲಸ ಹಿಡಿದ ಮೇಲೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಹೋದ ವರ್ಷ ಮದುವೆಗಳು ಶುರುವಾಗುವ ಹೊತ್ತಿಗೆ ಭದ್ರಾವತಿಯ ಕಲ್ಯಾಣಮಂಟಪವೊಂದರ ಯಜಮಾನರು ಬೆಳಿಗ್ಗೆಯೇ ಫೋನ್ ಮಾಡಿ ಕೂಗಾಡಿದರು. ಆಫೀಸಿಗೆ, ಅಡುಗೆಮನೆಗೆ, ವಧೂವರರ ಕೋಣೆಗಳಿಗೆ ನಾನು ಕಳಿಸಿದ್ದ ಫೋನುಗಳಲ್ಲಿ ಒಂದೂ ಉಸಿರೆತ್ತುತ್ತಿರಲಿಲ್ಲವಂತೆ.

“ಹೊಸ ಮ್ಯಾನೇಜರ್ ಕೈಲಿ ಹಾಕಿಸ್ದೆ. ಫೋನ್ ಹಾಕೋಕೇ ಬರ್ದಿದ್ದೋರು ಮಂಟಪ ಏನು ನೋಡ್ಕೋತಾರೆ? ಇವತ್ತು ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆಯವರನ್ನ ಇಟ್ಕೋತೀನಿ. ಮ್ಯಾನೇಜರಿಗೂ ಹೇಳಿದೀನಿ.”

ವಿದ್ಯಾನಗರದ ಮನೆಯಲ್ಲಿ ಅರ್ಧ ತಿಂದ ತಿಂಡಿ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಮ್ಯಾನೇಜರನ್ನು ಮನಸ್ಸಿನಲ್ಲೇ ಬೈದುಕೊಂಡೆ.

ನೋಡಿದರೆ ಐವತ್ತು ದಾಟಿದ ಸಾಧು ಮನುಷ್ಯ. ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಅದು ನಿಂತ ಮೇಲೆ ಕಾಗದನಗರದಲ್ಲೇ ಉಳಿದು ಸತ್ಯನಾರಾಯಣ ಪೂಜೆ, ಗೃಹಪ್ರವೇಶ ಮಾಡಿಸುತ್ತ ಸಂಸಾರ ತೂಗಿಸುತ್ತಿದ್ದರು. ತಿಂಗಳ ಸಂಬಳದ ಕೆಲಸ ಮತ್ತೆ ಸಿಕ್ಕಿದ್ದು ಈಗಲೇ. ಹಣೆಯ ಗಂಧ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಯಜಮಾನರು ಎದುರು ಕುರ್ಚಿಯಲ್ಲೇ ಬಿಗಿಯಾಗಿ ಕೂತಿದ್ದರು.

ಕಂಪ್ಯೂಟರಿನಲ್ಲಿ ಫೋನಿನ ಪುಟ ತೆರೆದೆ. ನಂಬರು, ಪಾಸ್‌ವರ್ಡು, ಸರ್ವರಿನ ವಿಳಾಸ ಎಲ್ಲವೂ ಸರಿಯಾಗಿದ್ದವು, ಆದರೆ ಒಂದೊಂದೂ ಚೂಪು ಬ್ರಾಕೆಟ್ಟಿನೊಳಗೆ ಕೂತಿತ್ತು.

“ಸಾರ್, ಈ ಬ್ರಾಕೆಟ್ ಯಾಕೆ ತೆಗೀಲಿಲ್ಲ?”

“ಪುಸ್ತಕದಲ್ಲಿತ್ತಲ್ಲಮ್ಮ. ಬರೆದಿದ್ದರಲ್ಲಿ ಒಂದಕ್ಷರ ಬಿಟ್ರೂ ದೋಷ ಅಂತ ನಮ್ಮಪ್ಪ ಹೊಡೆದು ಕಲಿಸಿದ್ದು.”

ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಇವರಿಗೆ ಇವರದೇ ಭಾಷೆಯಲ್ಲಿ ಹೇಳಬೇಕು ಅನ್ನಿಸಿತು.

“ಪೂಜೆಗೆ ಸಂಕಲ್ಪ ಮಾಡಿಸುವಾಗ ಪುಸ್ತಕದಲ್ಲಿ ‘ಅಮುಕ ಗೋತ್ರ’ ಅಂತ ಇರುತ್ತಲ್ಲ, ಹಾಗೇ ಹೇಳಿಸ್ತೀರಾ?”

“ಛೆ, ಎಲ್ಲಾದ್ರೂ ಉಂಟೆ? ಅಮುಕ ತೆಗೆದು ಅವರ ಗೋತ್ರ ಹೇಳಿಸ್ತೀವಿ.”

“ಅಮುಕಾನೂ ಇಟ್ಕೊಂಡು ಗೋತ್ರಾನೂ ಸೇರಿಸಿದ್ರೆ?”

ಅವರು ಪರದೆ ನೋಡಿದರು, ನನ್ನ ಮುಖ ನೋಡಿದರು. “ಅಯ್ಯೋ ರಾಮ! ದೇವರಿಗೇ ಅಡ್ರೆಸ್ ಸಿಗಲ್ಲ,” ಎಂದು ನಕ್ಕೇಬಿಟ್ಟರು. ಯಜಮಾನರ ಮೀಸೆಯೂ ಸ್ವಲ್ಪ ಅಲುಗಿತು.

ಆಮೇಲೆ ನಾನು ಕೈಯಿಟ್ಟಿದ್ದು ಕಡಿಮೆ; ಬ್ರಾಕೆಟ್ಟುಗಳನ್ನೆಲ್ಲ ಅವರೇ ಅಳಿಸಿದರು. ಚೌಕ ಬ್ರಾಕೆಟ್ಟಿನಲ್ಲಿದ್ದದ್ದು ಹಾಕಿದರೂ ಆಯಿತು, ಬಿಟ್ಟರೂ ಆಯಿತು ಎಂದೆ. “ಯಥಾಶಕ್ತಿ,” ಎಂದರು. ನಡುವೆ ನಿಂತ ಗೆರೆ ಬಂದರೆ ಇದು ಇಲ್ಲವೇ ಅದು ಎಂದೆ. “ಗೊತ್ತಾಯ್ತು ಬಿಡಿ. ವಸ್ತ್ರ ಇಲ್ಲದಿದ್ರೆ ಅಕ್ಷತೆ,” ಎಂದು ತಾವೇ ಮುಂದುವರಿಸಿದರು. ಇಷ್ಟು ಬೇಗ ಯಾರಿಗೂ ಈ ವಿಷಯ ತಲೆಗೆ ಹತ್ತಿದ್ದನ್ನು ನಾನು ಕಂಡಿಲ್ಲ. ನನಗೆ ಖುಷಿಯಾಯಿತು.

ಅಡುಗೆಮನೆಯ ಫೋನ್ ಟ್ರಿಣ್ ಎಂದಿತು. ಭಟ್ಟರೊಬ್ಬರು ಎತ್ತಿ “ಸಾರಿಗೆ ಬೇಳೆ ಬಂದಿಲ್ಲ” ಎಂದು ಗದರಿದರು. ಒಳಗಿನ ಫೋನುಗಳೆಲ್ಲ ಮಾತಾಡಿದವು.

“ಹೊರಗಿನ ಲೈನೂ ನೋಡಿಬಿಡೋಣ. ಗೊತ್ತಿರೋರಿಗೆ ಯಾರಿಗಾದ್ರೂ ಮಾಡಿ,” ಎಂದು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದೆ. ಅವರು ಮನೆಗೆ ಫೋನ್ ಮಾಡಿದರು. ಮೊದಲ ರಿಂಗಿಗೇ ಹೆಂಡತಿ ಎತ್ತಿದರು.

“ನಾನೇ ಕಣೇ...”

“ಏನಾಯ್ತೂಂದ್ರೆ? ಕೆಲಸ ಉಳೀತಾ? ದೀಪ ಹಚ್ಚಿಟ್ಟು ದೇವರ ಮುಂದೇನೇ ಕೂತಿದೀನಿ. ಬೆಳಗಿಂದ ತೊಟ್ಟು ನೀರು ಕುಡಿದಿಲ್ಲ.”

ಅವರು ಗಾಬರಿಯಿಂದ ಸ್ಪೀಕರ್ ಗುಂಡಿಗಾಗಿ ತಡಕಾಡಿದರು, ಸಿಗಲಿಲ್ಲ. ನಾನು ಕೈ ಚಾಚುವಷ್ಟರಲ್ಲಿ ಯಜಮಾನರು ಕುರ್ಚಿಯಿಂದೆದ್ದು ಬಂದು ಫೋನಿನತ್ತ ಬಗ್ಗಿದರು.

“ಉಳೀತು ತಾಯಿ. ನಾನು ಮಂಟಪದ ಯಜಮಾನ ಮಾತಾಡ್ತಿರೋದು. ನೀವು ಮೊದಲು ಊಟ ಮಾಡಿ.”

ಲೈನ್ ಕಟ್ಟಾಯಿತೇನೋ ಎಂದು ಪರದೆ ನೋಡಿದೆ. ಕಟ್ಟಾಗಿರಲಿಲ್ಲ. ಆಕೆ ಅಳುತ್ತಿದ್ದರು.