ನದಿ ದಂಡೆಯಲ್ಲಿ ನೀರಿಲ್ಲ ಎಂದವನು

ನಮ್ಮ ಗುರುಗುಂಟಾದ ಬುಡ್ಡೇಸಾಬ್ ನೀರು ನೋಡುವವನು. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತಿದ್ದ. ಕಾಯಿ ಎದ್ದು ನಿಂತ ಕಡೆ ಬೋರ್ ಹಾಕಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನು ತೋರಿಸಿದ ಒಂದು ಬೋರೂ ಸುಳ್ಳಾಗಿರಲಿಲ್ಲ. “ಒಂದು ತಪ್ಪಿದ್ರೂ ಅವತ್ತೇ ಕಾಯಿ ಕೆಳಗಿಡ್ತೀನಿ” ಎಂದು ನನ್ನ ಸೈಕಲ್ ಅಂಗಡಿಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದ. ಅವನ ಆಸ್ತಿ ಎಂದರೆ ಆ ಮಾತು ಮತ್ತು ಎರಡು ಆಕಳು. ಅದರಲ್ಲಿ ಒಂದು ಗೊಡ್ಡು.

ತೊಂಬತ್ತಾರರಲ್ಲಿ ಸಿಂಧನೂರಿನ ಬೋರ್ ಲಾರಿ ಮಾಲೀಕ ಶಾವಲಿ ಆಫ್ರಿಕಾದ ನಮೀಬಿಯಾದಲ್ಲಿ ಕೆಲಸ ಹಿಡಿದ. ಅಲ್ಲಿ ಕುನೇನೆ ಎಂಬ ನದಿಯ ದಂಡೆಗೆ ಒಂದು ಸಫಾರಿ ಕ್ಯಾಂಪ್. ಬಿಳಿಯರು ಬಂದು ಡೇರೆಯಲ್ಲಿ ಮಲಗಿ, ಮೊಸಳೆ ನೋಡಿ ಹೋಗುತ್ತಾರೆ. ಅದೇ ಮೊಸಳೆಗಳಿಗೆ ಹೆದರಿ ನೀರು ತರುವವರು ಕೊಡ ಬಿಟ್ಟು ಓಡಿಬರುತ್ತಿದ್ದರಂತೆ. ಅದಕ್ಕೇ ಬೋರ್ ಬೇಕಾಗಿತ್ತು. ಶಾವಲಿ ಬುಡ್ಡೇಸಾಬನನ್ನು ಏಳು ತೆಂಗಿನಕಾಯಿ ಸಮೇತ ವಿಮಾನ ಹತ್ತಿಸಿದ. ಆ ಕಾಯಿ ಚೀಲವನ್ನು ಬಸ್ಸಿಗೆ ಹಾಕಿದವನು ನಾನೇ. ನದಿ ಪಕ್ಕ ನೀರು ಹುಡುಕಲು ಹೊರಟಿದ್ದಾನೆ ಎಂದು ಬಿದ್ದು ಬಿದ್ದು ನಕ್ಕವನೂ ನಾನೇ.

ಅಲ್ಲಿ ಕಾಯಿ ಏಳಲಿಲ್ಲ. ಒಂದು ದಿನವಲ್ಲ, ಹನ್ನೆರಡು ದಿನ. ಎದುರಿಗೆ ನದಿ ಭೋರ್ಗರೆಯುತ್ತಿದೆ, ಅಂಗೈಯಲ್ಲಿ ಕಾಯಿ ಗಡದ್ದಾಗಿ ಮಲಗಿದೆ. ಬಿಳಿಯರು ಕುರ್ಚಿ ಹಾಕಿಕೊಂಡು ಕ್ಯಾಮೆರಾ ಹಿಡಿದು ಕೂತರು. ಕೊನೆಗೆ ಕ್ಯಾಂಪಿನ ಬೋರ್ಡಿನಲ್ಲಿ ಅವನ ಹೆಸರೇ ಬಂತು: ಆರಕ್ಕೆ ಮೊಸಳೆ, ಏಳಕ್ಕೆ ಬುಡ್ಡೇಸಾಬ್, ಎಂಟಕ್ಕೆ ನಾಷ್ಟಾ. ಅಷ್ಟರಲ್ಲಿ ಆರು ಕಾಯಿ ಕೋತಿಗಳ ಪಾಲಾಗಿದ್ದವು.

“ಚಾಚಾ, ಎದುರಿಗೆ ನದಿ ಹರಿಯಾಕತ್ತೈತಿ. ಎಲ್ಯರ ಒಂದ್ಕಡೆ ಬಟ್ಟು ಮಾಡಿ ತೋರ್ಸಿಬಿಡ್ರಿ” ಎಂದು ಶಾವಲಿ ಕೈ ಮುಗಿದ.

“ನದೀದು ನದ್ಯಾಗ ಐತಿ. ನೆಲದಾಗ ಇಲ್ಲ. ಇಲ್ಲದ್ದು ಐತಿ ಅಂತ ಹೆಂಗ ಹೇಳ್ಲಿ?”

ತಲೆ ತಣ್ಣಗಾಗಲಿ ಎಂದು ಶಾವಲಿ ಅವನನ್ನು ಬಿಳಿಯರ ಜೊತೆ ಹಿಂಬಾ ಜನರ ಹಟ್ಟಿಗೆ ಕಳಿಸಿದ. ಹಿಂಬಾ ಹೆಂಗಸರು ಕೆಮ್ಮಣ್ಣು ಬೆಣ್ಣೆ ಕಲಸಿ ಮೈಗೆ ಹಚ್ಚಿಕೊಳ್ಳುವವರು, ದನ ಸಾಕಿ ಬದುಕುವವರು. ಒಬ್ಬ ಮುದುಕಿ ಬಿಳಿಯರನ್ನು ಬಿಟ್ಟು ಇವನನ್ನೇ ನೋಡಿ, ದುಭಾಷಿಯ ಮೂಲಕ ದನ ಎಷ್ಟು ಎಂದು ಕೇಳಿದಳು.

“ಎರಡು. ಒಂದು ಗೊಡ್ಡು.”

ಹಟ್ಟಿಗೆ ಹಟ್ಟಿಯೇ ಅಯ್ಯೋ ಅಂದಿತು. ಎಂಬತ್ತು ದನದ ಒಡತಿ ಅವಳು. ಕೂಡಲೇ ಅವನ ಕೈಗೆ ಒಂದು ಸೋರೆಬುರುಡೆ ತುಂಬ ಮಜ್ಜಿಗೆ ಕೊಟ್ಟಳು. ಕೆಲಸ ಏನು ಎಂದಳು. ನೀರು ಹುಡುಕೋದು ಎಂದ. ಮುದುಕಿ ಕೋಲೆತ್ತಿ ನದಿಯ ಕಡೆ ತೋರಿಸಿದಳು. ಎಲ್ಲರೂ ನಕ್ಕರು, ಬುಡ್ಡೇಸಾಬನೂ ನಕ್ಕ. ಮಜ್ಜಿಗೆ ಕುಡಿದು ಬರಿಗೈಯಲ್ಲಿ ಏಳಬಾರದೆಂದು ಉಳಿದಿದ್ದ ಒಂದೇ ಕಾಯಿಯನ್ನು ಅವಳಿಗೆ ಕೊಟ್ಟ. ಅವಳು ಕಲ್ಲಿಗೆ ಅಪ್ಪಳಿಸಿದಳು. ನೀರು ಮೊಣಕೈವರೆಗೆ ಹರಿಯಿತು. ಆ ದೇಶದಲ್ಲಿ ಬುಡ್ಡೇಸಾಬ್ ತೋರಿಸಿದ ನೀರು ಅದೊಂದೇ.

ಮರುದಿನ ಶಾವಲಿ ಸಿಟ್ಟಿನಿಂದ ತಾನೇ ನದಿಗೆ ಹತ್ತು ಹೆಜ್ಜೆಯಲ್ಲಿ ಮಷೀನ್ ನಿಲ್ಲಿಸಿದ. ನಾನೂರು ಅಡಿ ಕೊರೆದರೂ ಬರೀ ಬಂಡೆ, ಬರೀ ಧೂಳು. ನಾಷ್ಟಾಕ್ಕೆ ಕೂತಿದ್ದ ಬಿಳಿಯರೆಲ್ಲ ಬೂದಿ ಬಳಿದುಕೊಂಡವರಂತೆ ಎದ್ದರು.

ಅಂದರೆ ಬುಡ್ಡೇಸಾಬ್ ಹೇಳಿದ್ದೇ ಖರೆ. ಆದರೆ ಊರಿಗೆ ಅದು ಬೇಕಿರಲಿಲ್ಲ. ನದಿ ಬಾಜೂಕೇ ನೀರು ಸಿಗದವನು ಇವನೇ ನೋಡು ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳಿಗೂ ತೋರಿಸಿದರು. ಖುದ್ದು ಶಾವಲಿಯೇ ಬಂದು ಹೇಳಿದರೂ ಯಾರೂ ಕೇಳಲಿಲ್ಲ. ಒಂದು ವರ್ಷ ಅವನನ್ನು ಯಾರೂ ಕರೆಯಲಿಲ್ಲ. ನಾನೂ ಅಂಗಡಿಯಲ್ಲಿ ಗಿರಾಕಿಗಳಿಗೆ ಆ ಕಥೆ ಹೇಳಿ ನಗಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ಮಸ್ಕಿಯಿಂದ ಹೊನ್ನೂರಮ್ಮ ಬಂದಳು. ಬೇರೆಯವರ ಮಾತು ಕೇಳಿ ಎರಡು ಬೋರ್ ಹಾಕಿಸಿ ಸೋತವಳು.

“ಬುಡ್ಡೇಸಾಬಣ್ಣ, ಬಂದವರೆಲ್ಲ ಐತಿ ಅಂತಾರ. ನೀವು ನದಿ ಮುಂದ ನಿಂತು ಇಲ್ಲ ಅಂದವರಂತ. ನನಗ ನೀವೇ ಬೇಕ್ರಿ.”

ಅವನು ಅವಳ ಐದೆಕರೆಯನ್ನು ಬೆಳಗಿನಿಂದ ಸಂಜೆಯವರೆಗೆ ನಡೆದ. ಕಾಯಿ ಏಳಲಿಲ್ಲ. ನೋಡಲು ಬಂದ ಜನ ಮುಸಿಮುಸಿ ನಕ್ಕರು.

“ಇಲ್ಲ ತಂಗೆವ್ವ.”

“ಆತು ಬಿಡ್ರಿ. ಹಂಗಾರ ಮಳಿ ನಂಬಿ ಸಜ್ಜೀ ಬಿತ್ತತೀನಿ” ಎಂದು ಹೊನ್ನೂರಮ್ಮ ಅವನಿಗೆ ಚಹಾ ಕೊಟ್ಟಳು.

ಆವತ್ತು ಅವನು ಎರಡು ರೊಟ್ಟಿ ಹೆಚ್ಚಿಗೆ ಉಂಡ. ನೀರು ಸಿಕ್ಕಿತೇನು ಎಂದು ಹೆಂಡತಿ ಗುಲ್ಷನ್‌ಬೀ ಕೇಳಿದಳು.

“ಇಲ್ಲ” ಎಂದ ಬುಡ್ಡೇಸಾಬ್, ಕಣ್ಣೊರೆಸಿಕೊಳ್ಳುತ್ತ. “ಇಲ್ಲ ಅಂದೆ. ನಂಬಿದಳು.”