ಮಳೆಯಲ್ಲೇ ಗೆಲ್ಲಬೇಕಾದ ಕಾಗದ

ನಮ್ಮ ಮೇಡಂ ಬಲಗೈಯ ನಡುಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದರು. ಉಳಿದವನ್ನೆಲ್ಲ ಬುಡದವರೆಗೆ ಕತ್ತರಿಸುತ್ತಿದ್ದರು. ಸ್ಪೀಕರಿನ ಒಳಗೆ ಅದುರುತ್ತ ಸದ್ದು ಹೊರಡಿಸುವ ಕಾಗದದ ಬಟ್ಟಲಿಗೆ ಕೋನ್ ಎನ್ನುತ್ತಾರೆ. ಅದನ್ನು ಅಂಚಿನಲ್ಲಿ ಹಿಡಿದು, ಕಿವಿಯ ಹತ್ತಿರ ತಂದು, ಆ ಉಗುರಿನಿಂದ ಟಕ್ ಎಂದು ಹೊಡೆಯುತ್ತಿದ್ದರು, ಮಡಕೆ ಕೊಳ್ಳುವವರು ತಟ್ಟಿ ನೋಡುವ ಹಾಗೆ. ಹುಬ್ಬು ಗಂಟಿಕ್ಕಿತೋ, ಕೋನ್ ಕಸದ ಬುಟ್ಟಿಗೆ ಹೋಯಿತೆಂದೇ ಲೆಕ್ಕ.

ಚೆನ್ನೈಯ ಅಂಬತ್ತೂರಿನ ಆ ಸ್ಪೀಕರ್ ಫ್ಯಾಕ್ಟರಿಯಲ್ಲಿ ಅವರು ವಿನ್ಯಾಸ ವಿಭಾಗದ ಮುಖ್ಯಸ್ಥೆ, ನಾನು ಹೊಸದಾಗಿ ಸೇರಿದ ಎಂಜಿನಿಯರ್. ಅವರದು ತಲೆಮಾರುಗಳಿಂದ ಮೈಲಾಪೂರಿನಲ್ಲಿ ನೆಲೆಸಿದ, ಮನೆಯಲ್ಲಿ ಕನ್ನಡ ಆಡುವ ವೈಷ್ಣವ ಮನೆತನ. ನಮ್ಮದು ರೈಲ್ವೆ ಕೆಲಸಕ್ಕೆಂದು ಬಂದು ಇಲ್ಲೇ ಉಳಿದುಬಿಟ್ಟ ಸಂಸಾರ. ಮೊದಲ ದಿನ ನನ್ನ ಹೆಸರು ನೋಡಿ, "ಕನ್ನಡ ಬರತ್ತೇನಮ್ಮಾ?" ಎಂದರು. "ಪುರಿಯುಂ ಮೇಡಂ" ಎಂದೆ, ಅರ್ಥವಾಗುತ್ತದೆ ಎಂದು ತಮಿಳಿನಲ್ಲಿ. "ಸರಿ, ನಾ ಕನ್ನಡದಲ್ಲೇ ಬೈತೀನಿ. ನೀ ಯಾವ ಭಾಷೇಲಾದ್ರೂ ಅಳು" ಎಂದರು. ಕೊಟ್ಟ ಮಾತಿಗೆ ತಪ್ಪಲಿಲ್ಲ, ಧಾರಾಳವಾಗಿ ಬೈದರು.

ಬೇರೆಯವರು ಸಂಗೀತ ಹಾಕಿ ಸ್ಪೀಕರ್ ಪರೀಕ್ಷಿಸುತ್ತಾರೆ. ಇವರು ತಮ್ಮ ತಾಯಿಯ ಜಗಳ ಹಾಕುತ್ತಿದ್ದರು. ಮನೆಯ ಬಾಗಿಲಿಗೆ ಬಂದ ಸೊಪ್ಪಿನವಳೊಡನೆ ಆ ತಾಯಿ ತಮಿಳಿನಲ್ಲಿ ಜಗಳವಾಡುತ್ತ, ನಡುನಡುವೆ ಮಗಳ ಮೇಲೆ ಕನ್ನಡದಲ್ಲಿ ಹರಿಹಾಯುವ ರೆಕಾರ್ಡಿಂಗ್ ಅದು. "ಹುಟ್ಟಿದಾಗಿಂದ ಕೇಳಿರೋ ದನಿ. ಕೋನು ಸುಳ್ಳು ಹೇಳಿದ್ರೆ ನಂಗೆ ತಕ್ಷಣ ತಿಳಿಯತ್ತೆ" ಎನ್ನುತ್ತಿದ್ದರು. ಕನ್ನಡದ ಗಂಧವಿಲ್ಲದ ಫೋರ್ಮನ್ ಕೂಡ ಊಟದ ಡಬ್ಬಿ ತೆರೆದು "ಸೊಪ್ಪು ಬಾಡಿದೆ ಕಣೇ!" ಎಂದು ಅದೇ ರಾಗದಲ್ಲಿ ಕೂಗಿ ನಗಿಸುತ್ತಿದ್ದ.

ಒಂದು ವರ್ಷ ಶಾಲೆಗಳ ತರಗತಿಗಳಿಗೆ ಸ್ಪೀಕರ್ ಒದಗಿಸುವ ದೊಡ್ಡ ಆರ್ಡರ್ ಬಂತು. ಕೋನ್ ಪ್ಲಾಸ್ಟಿಕ್ಕಿನದಾಗಲಿ ಎಂದರು ಮ್ಯಾನೇಜರ್. ಅವರ ವಾದವೂ ಸರಿಯಾಗಿಯೇ ಇತ್ತು. ಅಚ್ಚಿನಲ್ಲಿ ಎರಕ ಹೊಯ್ದದ್ದು ಎಲ್ಲವೂ ಒಂದೇ ಥರ ಇರುತ್ತದೆ, ಮಳೆಗೆ ಜಗ್ಗುವುದಿಲ್ಲ. ಕಾಗದ ಚೆನ್ನೈಯ ನವೆಂಬರಿನಲ್ಲಿ ಡಬ್ಬಿಯ ಹೊರಗಿಟ್ಟ ಹಪ್ಪಳದಂತೆ ಮೆತ್ತಗಾಗುತ್ತದೆ. ಆದರೆ ಪ್ಲಾಸ್ಟಿಕ್ ಬಂದರೆ ಕಾಗದದ ವಿಭಾಗ ಮುಚ್ಚುತ್ತದೆ. ಜರಡಿಯ ಮೇಲೆ ಕಾಗದದ ತಿರುಳು ಕೂರಿಸಿ ಕೋನ್ ತೆಗೆಯುವ ಹೆಂಗಸರೆಲ್ಲ ಮನೆಗೆ ಹೋಗಬೇಕಾಗುತ್ತದೆ. ಆ ವಿಭಾಗವನ್ನು ಕಟ್ಟಿ, ಅವರಿಗೆ ಕೆಲಸ ಕಲಿಸಿದವರು ಮೇಡಂ.

ಕೇಳಿಯೇ ತೀರ್ಮಾನ ಮಾಡೋಣ ಎಂದು ಅವರು ಕ್ಯಾಂಟೀನಿನಲ್ಲಿ ಪರದೆ ಕಟ್ಟಿಸಿದರು. ಪರದೆಯ ಹಿಂದೆ ಒಂದು ಕಾಗದದ ಸ್ಪೀಕರ್, ಒಂದು ಪ್ಲಾಸ್ಟಿಕ್ಕಿನದು. ಎರಡರಲ್ಲೂ ಸರದಿಯ ಮೇಲೆ ಸೊಪ್ಪಿನ ಜಗಳ. ಮೇಡಂ ಕಣ್ಣು ಮುಚ್ಚಿ ಕೇಳಿ ಎಡಗಡೆಗೆ ಕೈ ತೋರಿಸಿದರು: "ಅಮ್ಮನ ಮಾತು ಇದ್ರಲ್ಲೇ ಬಿಡಿಬಿಡಿಯಾಗಿ ಕೇಳತ್ತೆ."

ಪರದೆ ಸರಿಸಿದರೆ ಎಡಗಡೆಯದು ಪ್ಲಾಸ್ಟಿಕ್.

ನಾನಾಗಿದ್ದರೆ ವೈರು ಅದಲುಬದಲಾಗಿದೆ ಎಂದು ರಂಪ ಮಾಡುತ್ತಿದ್ದೆ. ಮೇಡಂ ಎದ್ದು ಹೋಗಿ ಕಾಗದದ ಕೋನನ್ನು ಉಗುರಿನಿಂದ ಹೊಡೆದರು. ಟಕ್ ಎನ್ನಬೇಕಾದದ್ದು ದಪ್ ಎಂದಿತು. ತೇವ ಕುಡಿದು ಭಾರವಾಗಿದೆ, ಸೋತದ್ದು ನಾನೇ, ಹಾಗೆಯೇ ಬರೆದುಕೊಳ್ಳಿ ಎಂದು ಮ್ಯಾನೇಜರಿಗೆ ತಮಿಳಿನಲ್ಲಿ ಹೇಳಿದರು. ಆಮೇಲೆ ಇನ್ನೊಂದು ಅವಕಾಶ ಕೇಳಿದರು. ಅವರು ಯಾರನ್ನಾದರೂ ಏನನ್ನಾದರೂ ಕೇಳಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪೊಂಗಲ್ ತನಕ ಸಮಯ ಸಿಕ್ಕಿತು.

ಹಾಗಾದರೆ ಮಳೆ ನಿಲ್ಲುವವರೆಗೆ ಸುಮ್ಮನಿದ್ದು, ಕಾಗದ ಒಣಗಿದ ಮೇಲೆ ಪರೀಕ್ಷೆಗೆ ಕೂರೋಣ ಎಂದೆ. ನನ್ನನ್ನು ಕಣ್ಣಲ್ಲೇ ಸುಟ್ಟರು. "ಮಳೆ ಬಂದ್ರೆ ಮಕ್ಳು ಪಾಠ ಕೇಳಲ್ವಾ? ಮಳೇಲೇ ಗೆಲ್ಬೇಕು. ಆಗ್ಲಿಲ್ವಾ, ಮುಚ್ಚೋದೇ ನ್ಯಾಯ."

ಅಲ್ಲಿಂದ ಶುರುವಾಯಿತು. ಕೋನಿಗೆ ವಾರ್ನಿಷ್ ಬಳಿದರೆ ತೇವ ಒಳಗೆ ಬರುತ್ತಿರಲಿಲ್ಲ, ಆದರೆ ಕೋನ್ ಭಾರವಾಗಿ ಸಕಾರ, ತಕಾರಗಳೆಲ್ಲ ಮಂಕಾಗುತ್ತಿದ್ದವು. ತೆಳ್ಳಗೆ ಬಳಿದರೆ ಮತ್ತೆ ತೇವ. ಮಾಡಿದ್ದನ್ನು ರಾತ್ರಿಯಿಡೀ ಶೆಡ್ಡಿನ ಹೊರಗೆ ಸೂರಿನಡಿ ತೂಗುಹಾಕಿ, ಬೆಳಗ್ಗೆ ಉಗುರಿನಿಂದ ಹೊಡೆದು ಎಸೆಯುತ್ತಿದ್ದರು. "ಇನ್ನೊಂದ್ ಸಲ ಮಾಡೋಣ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಅವರು ಕೈ ಹಾಕಿದ್ದು ಆಕಾರಕ್ಕೆ. ನೆಟ್ಟಗೆ ಇಳಿಜಾರಾಗಿದ್ದ ಕೋನನ್ನು ಉಮ್ಮತ್ತಿ ಹೂವಿನ ಹಾಗೆ ಬಳುಕಿಸಿದರು. "ಸಣ್ಣ ಸದ್ದಿಗೆಲ್ಲ ಪೂರಾ ಕೋನು ಯಾಕೆ ಕುಣೀಬೇಕು? ನಡುವಿನ ಭಾಗ ಕುಣಿದ್ರೆ ಸಾಕು, ಅಂಚು ಸುಮ್ಮಾ ಇರ್ಲಿ" ಎಂದರು. ಬಾಗಿದ ಆಕಾರಕ್ಕೆ ಬಿಗಿ ತಾನಾಗಿ ಬಂದಿದ್ದರಿಂದ ತಿರುಳನ್ನು ತೆಳ್ಳಗೆ ಮಾಡಬಹುದಾಯಿತು. ಹಾಗೆ ಉಳಿದ ತೂಕದಲ್ಲಿ ವಾರ್ನಿಷ್ ಬಳಿದೆವು. ಮರುದಿನ ಬೆಳಗ್ಗೆ ತೇವದಲ್ಲೂ ಅದು ಟಕ್ ಎಂದಿತು.

ಇನ್ನೇನು ಪರೀಕ್ಷೆ ಎನ್ನುವಾಗ ಅಮ್ಮನ ಜಗಳ ಬೇಡವೆಂದರು. "ಎಲ್ರಿಗೂ ಬಾಯಿಪಾಠ. ಕೇಳಿಸ್ದೇ ಇದ್ರೂ ಕೇಳಿಸ್ತು ಅಂತಾರೆ." ಚೆನ್ನೈಗೆ ಮಳೆ ಯಾಕೆ ತಡವಾಗಿ ಬರುತ್ತದೆ ಎಂದು ತಮಿಳಿನಲ್ಲಿ ಒಂದು ಪುಟ್ಟ ಪಾಠ ಬರೆದು ತಾವೇ ಓದಿದರು, ನಾನು ರೆಕಾರ್ಡ್ ಮಾಡಿಕೊಂಡೆ. ಓದು ಮುಗಿಸಿ ಮೈಕಿನಿಂದ ಮುಖ ತಿರುಗಿಸಿ ಮೆಲ್ಲಗೆ, "ಚೆನ್ನಾಗಿ ಬಂತಾ? ಇಲ್ಲಾಂದ್ರೆ ಇನ್ನೊಂದ್ ಸಲ ಮಾಡೋಣ" ಎಂದರು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ಪೋದುಂ ಮೇಡಂ!" ಎಂದೆ ಗಟ್ಟಿಯಾಗಿ, ಸಾಕು ಎಂದು. ಎರಡು ಮಾತೂ ರೆಕಾರ್ಡಿಂಗಿನೊಳಗೆ ಸೇರಿಹೋದವು.

ಪರೀಕ್ಷೆಯ ದಿನ ಬೆಳಗಿನಿಂದಲೇ ಮಳೆ ಸುರಿಯುತ್ತಿತ್ತು. "ಈ ಕೋನಿನ ದನಿ ನಂಗೆ ಗುರ್ತಾಗ್ಬಿಟ್ಟಿದೆ, ನಾ ಕೂರ್ಬಾರ್ದು" ಎಂದು ಮೇಡಂ ಹೊರಗೆ ವರಾಂಡದಲ್ಲಿ ನಿಂತರು. ಒಳಗೆ ಮ್ಯಾನೇಜರ್, ಲೆಕ್ಕಪತ್ರದವರು, ಕ್ಯಾಂಟೀನಿನ ಅಡುಗೆಯಾಕೆ. ಕೇಳಿದವರಲ್ಲಿ ಹೆಚ್ಚಿನವರು ಬಲಗಡೆಯದನ್ನು ಆರಿಸಿದರು. ಅಡುಗೆಯಾಕೆ ಮಾತ್ರ ಇನ್ನೊಂದು ಕೇಳಿದಳು: ಬಲಗಡೆಯದರಲ್ಲಿ ಪಾಠ ಮುಗಿದ ಮೇಲೆ ಮೇಡಂ ಏನೋ ಕನ್ನಡದಲ್ಲಿ ಹೇಳಿದರಲ್ಲ, ಏನದು? ಎಡಗಡೆಯದರಲ್ಲಿ ಆ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಪರದೆ ಸರಿಸಿದೆವು. ಬಲಗಡೆ ಕಾಗದವಿತ್ತು.

ಮೇಡಂ ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡರು. ಮಳೆನೀರೇ ಇರಬೇಕು, ನಾನು ವಿಚಾರಿಸಲಿಲ್ಲ. ಬಯಲಿನಲ್ಲಿಡುವ ಸ್ಪೀಕರುಗಳಿಗೆ ಪ್ಲಾಸ್ಟಿಕ್ಕೇ ಇರಲಿ ಎಂದು ಮ್ಯಾನೇಜರಿಗೆ ತಾವಾಗಿಯೇ ಹೇಳಿ, ಟೀ ತರಿಸಿದರು.

ಹೋದ ವರ್ಷ ಅವರು ತೀರಿಕೊಂಡರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಕಾಗದದ ವಿಭಾಗ ನಡೆಯುತ್ತಿದೆ. ಹೊಸ ಕೋನ್ ಯಾವುದೇ ಬರಲಿ, ಆ ಮಳೆಯ ಪಾಠವನ್ನೇ ಹಾಕಿ ಕೇಳುತ್ತೇನೆ. ಕೊನೆಯಲ್ಲಿ ಮುಖ ತಿರುಗಿಸಿ ಅವರು ಮೆಲ್ಲಗೆ ಆಡಿದ ಮಾತು ಕೇಳಿಸಿದರೆ ಮಾತ್ರ ಸಹಿ ಹಾಕುತ್ತೇನೆ. ನನಗೆ ಅವರ ನೆನಪು ಬಹಳ ಆಗುತ್ತದೆ, ನಿಜ, ಆದರೆ ಸಹಿಯ ವಿಷಯದಲ್ಲಿ ಅದನ್ನು ಬೆರೆಸುವುದಿಲ್ಲ.

ಮೊನ್ನೆ ಕಾಗದದ ವಿಭಾಗದಿಂದ ಹೊಸ ನಾರಿನ ಕೋನುಗಳು ಬಂದಿದ್ದವು. ಪಾಠವೆಲ್ಲ ಸರಿಯಾಗಿ ಕೇಳಿಸಿತು. ಕೊನೆಯಲ್ಲಿ ಒಂದಿಷ್ಟು ಮೌನ, ಆಮೇಲೆ ನನ್ನದೇ ಎಳೆಯ ಗಂಟಲು ಮಾತ್ರ: "ಪೋದುಂ ಮೇಡಂ!"

"ಇನ್ನೊಂದ್ ಸಲ ಮಾಡೋಣ" ಎಂದೆ. ಕನ್ನಡದಲ್ಲೇ ಬಂತು. ಸುತ್ತ ನಿಂತ ಹುಡುಗಿಯರಿಗೆ ಮಾತು ಅರ್ಥವಾಗಲಿಲ್ಲ, ಆದರೆ ಮುಖ ನೋಡಿ ಪೆಟ್ಟಿಗೆಗಳನ್ನು ಎತ್ತಿಕೊಂಡು ವಾಪಸು ಹೊರಟರು.